ಕೆಂಪು ಗುರುತು ಬಂದರೆ ಸಾಫ್ಟ್‌ವೇರ್ ಹಾಳಾಗಿದೆಯೇ? ಬರದಿದ್ದರೆ ವಿನ್ಯಾಸ ಸರಿ ಇದೆಯೇ?

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಗ್ರಾಮಗಳಲ್ಲಿ, ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿದೆ. 600 ಮೆಗಾವ್ಯಾಟ್‌ನ ಮೊದಲ ಹಂತ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಈಗಿನ ಸಾಮರ್ಥ್ಯ 2,050 ಮೆಗಾವ್ಯಾಟ್.

ಸೋಲಾರ್ ಫಲಕಗಳನ್ನು ಹೊರುವ ಕಂಬ, ತೊಲೆ, ಕ್ಲಾಂಪ್, ಬೋಲ್ಟ್‌ಗಳನ್ನು ಸಾಮಾನ್ಯವಾಗಿ ಮೊದಲು ಕಂಪ್ಯೂಟರಿನಲ್ಲೇ ಜೋಡಿಸಿ ನೋಡುತ್ತಾರೆ. ಇದಕ್ಕೆ ಕ್ಯಾಡ್ ಅಸೆಂಬ್ಲಿ ಎನ್ನುತ್ತಾರೆ. ಅಲ್ಲಿ ಉಳಿದ ಒಂದು ತಪ್ಪು ಹೊಲದಲ್ಲಿ ಸಾವಿರಾರು ಸಲ ಮರುಕಳಿಸುತ್ತದೆ. ಹಾಗಾಗಿ ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳ ನಡುವೆ ಓಡಾಡುವ ಕೆಲವು ನಂಬಿಕೆಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ನಂಬಿಕೆ 1: ಕೆಂಪು ಬಂದರೆ ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಬೇಕು

ಹೆಚ್ಚಿನ ಸಲ ಬೇಕಿಲ್ಲ. ಭಾಗಗಳನ್ನು ಜೋಡಿಸುವ ನಿಯಮಗಳಿಗೆ ಮೇಟ್ ಎಂದು ಹೆಸರು. ಫಲಕ 15 ಡಿಗ್ರಿ ವಾಲಿರಲಿ ಎಂದು ಒಂದು ಮೇಟ್ ಹೇಳುತ್ತದೆ. ಮುಂದಿನ ಮತ್ತು ಹಿಂದಿನ ಕಾಲಿನ ಎತ್ತರ ಸೇರಿದರೆ 16 ಡಿಗ್ರಿ ಆಗುತ್ತದೆ ಎಂದುಕೊಳ್ಳಿ. ಎರಡನ್ನೂ ಪಾಲಿಸಲು ಆಗದೆ ಸಾಫ್ಟ್‌ವೇರ್ ಕೆಂಪು ತೋರಿಸುತ್ತದೆ. ಅಂದರೆ ಕೆಟ್ಟಿರುವುದು ಸಾಫ್ಟ್‌ವೇರ್ ಅಲ್ಲ, ನಾವು ಕೊಟ್ಟ ಸೂಚನೆ.

ನಂಬಿಕೆ 2: ಕೆಂಪಾದ ಮೇಟ್ ಅಳಿಸಿದರೆ ಮುಗಿಯಿತು

ಕೆಂಪು ಮಾಯವಾಗುತ್ತದೆ, ತಪ್ಪು ಉಳಿಯಬಹುದು. ಮೇಲಿನ ಉದಾಹರಣೆಯಲ್ಲಿ ಕಾಲಿನ ಅಳತೆಯೇ ತಪ್ಪಿದ್ದರೆ? ಕೋನದ ಮೇಟ್ ಅಳಿಸಿದರೆ ಫಲಕ ಸದ್ದಿಲ್ಲದೆ 16 ಡಿಗ್ರಿಗೆ ನಿಲ್ಲುತ್ತದೆ. ಇತ್ತೀಚಿನ ಮೇಟ್‌ನಿಂದ ಶುರುಮಾಡಿ ಒಂದೊಂದನ್ನೇ ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ. ಯಾವುದಕ್ಕೂ ಯಾವುದಕ್ಕೂ ಜಗಳ ಎಂದು ತಿಳಿದ ಮೇಲೆ, ಯಾವುದು ನಿಜವಾದ ಅಳತೆ ಎಂದು ಮೂಲ ನಕ್ಷೆಯಲ್ಲಿ ನೋಡಿ.

ನಂಬಿಕೆ 3: ಅಸೆಂಬ್ಲಿ ಫೈಲ್ ವಾಟ್ಸ್‌ಆ್ಯಪ್ ಮಾಡಿದರೆ ಸಾಕು

ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶಗಳಲ್ಲಿ ಅಸೆಂಬ್ಲಿ ಫೈಲ್ ಒಂದು ಪಟ್ಟಿಯಿದ್ದ ಹಾಗೆ. ಯಾವ ಭಾಗ ಯಾವ ಫೋಲ್ಡರಿನಲ್ಲಿದೆ ಎಂಬುದು ಅದಕ್ಕೆ ಗೊತ್ತು. ಅದೊಂದನ್ನೇ ಕಳಿಸಿದರೆ, ಅಥವಾ ಭಾಗದ ಫೈಲಿನ ಹೆಸರನ್ನು ಫೋಲ್ಡರಿನಲ್ಲಿ ನೇರವಾಗಿ ಬದಲಿಸಿದರೆ, ಭಾಗ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಎಲ್ಲ ಫೈಲುಗಳನ್ನು ಒಟ್ಟಿಗೆ ಕಟ್ಟಿಕೊಡುವ ‘ಪ್ಯಾಕ್ ಆ್ಯಂಡ್ ಗೋ’ ಬಳಸಿ.

ಫೈಲು ಕೈಬದಲಾಗುವಾಗಿನ ಎಡವಟ್ಟು ದೊಡ್ಡವರನ್ನೂ ಬಿಟ್ಟಿಲ್ಲ. ಏರ್‌ಬಸ್ ಎ380 ವಿಮಾನಕ್ಕೆ ಜರ್ಮನಿ ಮತ್ತು ಫ್ರಾನ್ಸ್ ತಂಡಗಳು ಕಾಟಿಯಾ ತಂತ್ರಾಂಶದ ಬೇರೆ ಬೇರೆ ಆವೃತ್ತಿ ಬಳಸಿದ್ದವು. ಜೋಡಣೆಯ ವೇಳೆ ತಂತಿಗಳ ಉದ್ದ ಸಾಲಲಿಲ್ಲ. 2006ರಲ್ಲಿ ಹಸ್ತಾಂತರ ಮತ್ತೆ ಮತ್ತೆ ಮುಂದೂಡಿ, ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ನಂಬಿಕೆ 4: ಕೆಂಪಿಲ್ಲ, ಹಾಗಾದರೆ ಎಲ್ಲ ಸರಿ

ಇದೇ ಹೆಚ್ಚು ಅಪಾಯದ್ದು. ಬೋಲ್ಟ್ ತೊಲೆಯೊಳಗೆ ನುಗ್ಗಿ ಕೂತಿದ್ದರೂ ಮೇಟ್‌ಗಳು ತಕರಾರು ಮಾಡುವುದಿಲ್ಲ. ಅದನ್ನು ಹಿಡಿಯಲು ‘ಇಂಟರ್‌ಫಿಯರೆನ್ಸ್ ಡಿಟೆಕ್ಷನ್’ ಎಂಬ ತಪಾಸಣೆಯನ್ನು ನಾವೇ ಓಡಿಸಬೇಕು. ಇನ್ನು ಪಾವಗಡದ ಬಿಸಿಲು ಪರದೆಯ ಮೇಲಿರುವುದಿಲ್ಲ. 10 ಮೀಟರ್ ಉದ್ದದ ಉಕ್ಕಿನ ತೊಲೆ 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗಲೆಂದೇ ಬೋಲ್ಟ್ ರಂಧ್ರಗಳನ್ನು ಉದ್ದುದ್ದ ಕೊರೆಯುವ ಪದ್ಧತಿ ಇದೆ.

ಕೊನೆಯ ಮಾತು

ಕೆಂಪು ಗುರುತು ಬಂದರೆ ಗಾಬರಿ ಬೇಡ, ಕಾರಣ ಹುಡುಕಿ. ಬರದಿದ್ದರೆ ನಿಶ್ಚಿಂತೆಯೂ ಬೇಡ. ಕಂಪ್ಯೂಟರ್ ನೋಡುವುದು ನಮ್ಮ ಸೂಚನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಮಾತ್ರ. ಅವು ನೆಲಕ್ಕೆ ಹೊಂದುತ್ತವೆಯೇ ಎಂಬುದನ್ನು ಟೇಪು ಹಿಡಿದು ನಾವೇ ನೋಡಬೇಕು.