ಮುಗಿಯುವ ಆಟ, ಮುಗಿಯದ ಆಟ

ವಿಡಿಯೋ ಆಟಗಳ ಕುರಿತು ನಮ್ಮ ಕುಟುಂಬಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಆಡಬಹುದು? ಧರ್ಮಕೇಂದ್ರಗಳ ಕುಟುಂಬ ಶಿಬಿರಗಳಲ್ಲಿಯೂ ಶಾಲೆಗಳ ರಕ್ಷಕ-ಶಿಕ್ಷಕ ಸಭೆಗಳಲ್ಲಿಯೂ ಹೆತ್ತವರು ಕೇಳುವುದು ಇದನ್ನೇ. ಮೂವತ್ತು ವರ್ಷಗಳಿಂದ ಈ ಆಟಗಳನ್ನು ಪ್ರೀತಿಯಿಂದ ಆಡುತ್ತ ಬಂದಿರುವ ನನಗೆ ಅದು ಎರಡನೆಯ ಪ್ರಶ್ನೆಯಾಗಿ ತೋರುತ್ತದೆ. ಮೊದಲು ಕೇಳಬೇಕಾದದ್ದು, ಮಗು ಆಡುತ್ತಿರುವ ಆಟಕ್ಕೆ ಕೊನೆಯೆಂಬುದೊಂದು ಇದೆಯೇ ಎಂದು.

ತೊಂಬತ್ತರ ದಶಕದಲ್ಲಿ ಕರಾವಳಿಯ ಎಷ್ಟೋ ಮನೆಗಳಿಗೆ ಆಟದ ಪೆಟ್ಟಿಗೆ ಬಂದದ್ದು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಬಂಧುಗಳ ಸೂಟ್‌ಕೇಸಿನಲ್ಲಿ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳೇ ಅವುಗಳಲ್ಲಿ ಹೆಚ್ಚು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದಲ್ಲಿ 8 ಲೋಕಗಳು, ಒಂದೊಂದು ಲೋಕದಲ್ಲಿ 4 ಹಂತಗಳು. 32ನೆಯದನ್ನು ದಾಟಿದರೆ ಆಟ ಮುಗಿಯಿತು. ಆಡಿದಷ್ಟನ್ನು ಉಳಿಸಿಟ್ಟುಕೊಳ್ಳುವ ಸೌಕರ್ಯವೂ ಇರಲಿಲ್ಲ. ಮೆಸ್ಕಾಂ ಎಂಬ ಹೆಸರು ಹುಟ್ಟುವ ಮೊದಲಿನ ಆ ಕಾಲದಲ್ಲಿ ಕರೆಂಟು ಹೋಯಿತೆಂದರೆ ಮತ್ತೆ ಮೊದಲ ಲೋಕದಿಂದಲೇ ಆರಂಭ! ಟಿ.ವಿ. ಇದ್ದದ್ದು ಚಾವಡಿಯಲ್ಲಿ, ಯೇಸುವಿನ ಪವಿತ್ರ ಹೃದಯದ ಚಿತ್ರದ ಪಕ್ಕದಲ್ಲಿ. ಆಡುವವರು ಇಬ್ಬರಾದರೆ ನೋಡುವವರು ಆರು ಮಂದಿ. ಸಂಜೆಯ ಜಪಸರಕ್ಕೆ ಪೆಟ್ಟಿಗೆ ಆರಿಸಲೇಬೇಕು. ಆ ಆಟವನ್ನು ಮಾಡಿದ ಸಂಸ್ಥೆಗೆ ಅದರಿಂದ ನಷ್ಟವೇನೂ ಇರಲಿಲ್ಲ. ಆಟವನ್ನು ಒಮ್ಮೆ ಮಾರಿದ ಮೇಲೆ ನೀವು ನಾಳೆ ಆಡಿದರೂ ಬಿಟ್ಟರೂ ಅದಕ್ಕೆ ಒಂದೇ.

ಇಂದು ಫೋನಿನಲ್ಲಿ ‘ಉಚಿತ’ವಾಗಿ ದೊರೆಯುವ ಆಟಗಳ ಲೆಕ್ಕಾಚಾರ ಇದಕ್ಕೆ ತದ್ವಿರುದ್ಧ. ಆಟಗಾರನು ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಬಂದವರಲ್ಲಿ ಕೆಲವರಾದರೂ ಹಣ ತೆರಬೇಕು. ಪ್ರತಿದಿನ ತೆರೆದು ನೋಡಿದವನಿಗೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಮುರಿಯುತ್ತದೆ. ‘ಜೀವ’ಗಳು ಮುಗಿದರೆ ಅರ್ಧ ತಾಸು ಕಾಯಬೇಕು, ಇಲ್ಲವೇ ಹಣ ಕೊಡಬೇಕು. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ದುಡ್ಡು ಕೊಟ್ಟು ಒಡೆಯುವ ವ್ಯವಸ್ಥೆಯೂ ಉಂಟು. ಕೆಲವು ಆಟಗಳಲ್ಲಿನ ಇಂತಹ ಪೆಟ್ಟಿಗೆಗಳು ಜೂಜೇ ಸರಿಯೆಂದು ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ತೀರ್ಮಾನಿಸಿತು. ‘ಫೋರ್ಟ್‌ನೈಟ್’ ಆಟದ ಒಡೆತನದ ಎಪಿಕ್ ಗೇಮ್ಸ್ ಸಂಸ್ಥೆ, ಆಟಗಾರರು ಬಯಸದ ಖರೀದಿಗಳನ್ನು ಮಾಡುವಂತೆ ಗುಂಡಿಗಳನ್ನು ಜೋಡಿಸಿತ್ತೆಂಬ ಆರೋಪದ ಮೇಲೆ 24.5 ಕೋಟಿ ಡಾಲರ್ ಹಿಂತಿರುಗಿಸಲು 2022ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಒಪ್ಪಿಕೊಂಡಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿದೆ. ಅದು ಸ್ವಾಗತಾರ್ಹವೇ. ಆದರೆ ಮಗುವಿನ ಸಮಯವನ್ನು ಪಣವಾಗಿ ಕೇಳುವ ಆಟಗಳನ್ನು ಯಾವ ಕಾಯಿದೆ ತಡೆಯಬಲ್ಲದು?

ಇಲ್ಲಿ ಹೆತ್ತವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ನಾಲ್ವರು ಗೆಳೆಯರು ತಂಡವಾಗಿ ಆಡುವ ಆನ್‌ಲೈನ್ ಪಂದ್ಯವನ್ನು ನಡುವೆ ತಡೆದು ನಿಲ್ಲಿಸಲಾಗದು. ಊಟಕ್ಕೆ ಕರೆದ ಕೂಡಲೇ ಹುಡುಗ ಎದ್ದರೆ ಉಳಿದ ಮೂವರು ಸೋಲುತ್ತಾರೆ. “ಒಂದೇ ನಿಮಿಷ ಮಮ್ಮಿ” ಎಂದು ಅವನು ಕೂಗುವುದು ಪ್ರತಿ ಸಲವೂ ಅವಿಧೇಯತೆಯಿಂದಲ್ಲ, ಕೆಲವೊಮ್ಮೆ ನಿಷ್ಠೆಯಿಂದ. ಕ್ರಿಕೆಟ್ ಮೈದಾನದಿಂದ ಬೌಲರನನ್ನು ಓವರಿನ ನಡುವೆ ಎಳೆದು ತರುವವರುಂಟೇ? ಫೋನು ಕಸಿದುಕೊಳ್ಳುವುದಕ್ಕಿಂತ, ಪಂದ್ಯ ಆರಂಭಿಸುವ ಮೊದಲೇ “ಇದು ಕೊನೆಯದು” ಎಂದು ಒಪ್ಪಿಸುವುದು ಹೆಚ್ಚು ಫಲಕಾರಿ.

ಆಟಗಳೆಲ್ಲವೂ ಒಂದೇ ಜಾತಿಯವೆಂದು ನಂಬಿದವರಿಗೆ 2016ರ ಜನವರಿಯಲ್ಲಿ ಬಿಡುಗಡೆಯಾದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಆಟವನ್ನು ತೋರಿಸಲು ನಾನು ಇಚ್ಛಿಸುತ್ತೇನೆ. ಅಮೆರಿಕದ ಕೊಲೊರಾಡೊದ ಕ್ರೈಸ್ತ ದಂಪತಿ ರಯಾನ್ ಮತ್ತು ಏಮಿ ಗ್ರೀನ್ ಅವರ ಮಗ ಜೋಯೆಲ್‌ಗೆ ಒಂದು ವರ್ಷವಾದಾಗ ಮೆದುಳಿನ ಕ್ಯಾನ್ಸರ್ ಕಾಣಿಸಿಕೊಂಡಿತು. 2014ರಲ್ಲಿ, ಐದರ ಎಳೆಯ ಪ್ರಾಯದಲ್ಲಿ ಮಗು ತೀರಿಕೊಂಡಿತು. ಆ ದಿನಗಳನ್ನೇ ಅವರು ಆಟವಾಗಿ ರೂಪಿಸಿದರು. ಅದರಲ್ಲೊಂದು ಇರುಳು ಆಸ್ಪತ್ರೆಯ ಕೋಣೆಯಲ್ಲಿ ಬಾಯಾರಿದ ಮಗು ಅಳುತ್ತಿದೆ. ಆಡುವ ನಾವೇ ತಂದೆ. ಏನು ಮಾಡಿದರೂ ಅಳು ನಿಲ್ಲದು. ಬೇರೆ ಆಟಗಳಲ್ಲಿ ಸರಿಯಾದ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ; ಇಲ್ಲಿ ಯಾವ ಗುಂಡಿಯೂ ಸರಿಯಲ್ಲ. ಕೊನೆಗೆ ತಂದೆ ಪ್ರಾರ್ಥಿಸುತ್ತಾನೆ. ಆಟದ ಕೋಲನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ ನಾನು. ಕೆಲವೇ ತಾಸುಗಳಲ್ಲಿ ಮುಗಿಯುವ ಆ ಆಟದಲ್ಲಿ ಗೆಲುವೆಂಬುದಿಲ್ಲ, ಆದರೆ ಕೊನೆಯುಂಟು.

2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್ ಕೂಡ ಈ ಆಟಗಳನ್ನು ಮೆಚ್ಚಿ ಆಡಿದ ಹುಡುಗ. ವಾರಕ್ಕೆ ಒಂದು ತಾಸಿಗಿಂತ ಹೆಚ್ಚು ಆಡನೆಂಬ ಸಂಗತಿ ಈಗ ಮನೆಮನೆಗಳಲ್ಲಿ ಬೆತ್ತವಾಗಿ ಬಳಕೆಯಾಗುತ್ತಿದೆ. ಆ ಮಿತಿಯನ್ನು ಅವನಿಗೆ ಯಾರೂ ಹೇರಲಿಲ್ಲ, ತಾನೇ ಹಾಕಿಕೊಂಡನೆಂಬುದನ್ನು ಮಾತ್ರ ನಾವು ಹೇಳಲು ಮರೆಯುತ್ತೇವೆ.

ನನ್ನನ್ನು ಚಿಂತೆಗೀಡುಮಾಡುವುದು ಹೊಸದಾಗಿ ಬಂದಿರುವ, ಕಣ್ಣಿಗೆ ಕಟ್ಟಿಕೊಳ್ಳುವ ಸಾಧನಗಳು. ಅದರೊಳಗಿನ ಲೋಕ ಅದ್ಭುತವೆಂಬುದನ್ನು ಅಲ್ಲಗಳೆಯಲಾರೆ. ಪರ್ವತದ ಅಂಚಿನಲ್ಲಿ ನಿಂತಾಗ ಕಾಲು ನಿಜವಾಗಿ ನಡುಗಿತು. ಆದರೆ ಚಾವಡಿಯಲ್ಲಿ ಆರು ಮಂದಿ ನೋಡುತ್ತಿದ್ದ ಆಟವನ್ನು ಈಗ ಒಬ್ಬನೇ ನೋಡುತ್ತಾನೆ; ಪಕ್ಕದಲ್ಲಿ ಕುಳಿತ ತಾಯಿಗೂ ಅದು ಕಾಣದು. ಮೆಟಾ ಸಂಸ್ಥೆ ತನ್ನ ಕ್ವೆಸ್ಟ್ ಸಾಧನದ ಕನಿಷ್ಠ ಪ್ರಾಯವನ್ನು 2023ರಲ್ಲಿ 13ರಿಂದ 10ಕ್ಕೆ ಇಳಿಸಿತು, ಹೆತ್ತವರ ಖಾತೆಯ ಮೇಲ್ವಿಚಾರಣೆಯೊಂದಿಗೆ. ಒಳಗೆ ಕಾಣುವುದನ್ನು ಹೊರಗೆ ಫೋನಿನಲ್ಲಿಯೋ ಟಿ.ವಿ.ಯಲ್ಲಿಯೋ ತೋರಿಸುವ ಸೌಲಭ್ಯ ಅದರಲ್ಲಿದೆ. ಈ ಸಲದ ಕ್ರಿಸ್ಮಸ್ಸಿಗೆ ಕೊಲ್ಲಿಯಿಂದಲೋ ಬೆಂಗಳೂರಿನಿಂದಲೋ ಅಂಥದ್ದೊಂದು ನಿಮ್ಮ ಮನೆಗೆ ಬರುವುದಾದರೆ, ಮಗುವಿನ ಕಣ್ಣಿಗೆ ಕಟ್ಟುವ ಮೊದಲು ಚಾವಡಿಯ ಟಿ.ವಿ.ಗೆ ಅದನ್ನು ಜೋಡಿಸಿಕೊಳ್ಳಿ. ಅಜ್ಜಿಗೂ ನೋಡಲಿಕ್ಕಿರಲಿ.