ಕಪ್ಪು ಪರದೆಯ ಮುಂದೆ ಉಪನ್ಯಾಸಕ

2020ರ ಮಾರ್ಚ್‌ನಲ್ಲಿ ಕೊರೋನಾದ ಕಾರಣ ಕಾಲೇಜುಗಳಿಗೆ ಬೀಗ ಬಿದ್ದಾಗ ತರಗತಿಗಳು ಮೊಬೈಲಿನ ಪರದೆಗೆ ಸ್ಥಳಾಂತರಗೊಂಡವು. ಆ ವರ್ಷದ ನವೆಂಬರ್ 17ರಂದು ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದರೂ 2021ರ ಎರಡನೇ ಅಲೆ ಅವುಗಳನ್ನು ಪುನಃ ಮುಚ್ಚಿಸಿತು. ಆ ಸಂಕಟದ ದಿನಗಳು ಕಳೆದಿವೆ. ಆದರೆ ಆನ್‌ಲೈನ್ ಬೋಧನೆಯ ಪ್ರಶ್ನೆ ಮುಗಿದಿಲ್ಲ. ಪ್ರತಿ ಕೋರ್ಸಿನ ಶೇ. 40ರವರೆಗಿನ ಭಾಗವನ್ನು ಆನ್‌ಲೈನ್‌ನಲ್ಲಿ ಕಲಿಸಬಹುದೆಂಬ ಪ್ರಸ್ತಾಪವನ್ನು ಯುಜಿಸಿ 2021ರ ಮೇ ತಿಂಗಳಲ್ಲೇ ಮುಂದಿಟ್ಟಿದೆ. ಆದ್ದರಿಂದ ಸಿಂಧನೂರು ತಾಲೂಕಿನ ಸಾಲಗುಂದದಂತಹ ಊರುಗಳಿಗೆ ಆ ಎರಡು ವರ್ಷಗಳು ಕಲಿಸಿದ ಪಾಠವೇನೆಂದು ಕೇಳುವುದು ಅಗತ್ಯವಾಗಿದೆ.

ಮೊಬೈಲ್ ಇಲ್ಲದ ವಿದ್ಯಾರ್ಥಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ನಡೆಯಬೇಕಾದುದೇ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಅಂತರ್ಜಾಲ ಸೌಲಭ್ಯವಿದ್ದುದು ಶೇ. 15ರಷ್ಟು ಮನೆಗಳಲ್ಲಿ ಮಾತ್ರ. ಕಂಪ್ಯೂಟರ್ ಇದ್ದುದು ಶೇ. 4.4ರಷ್ಟು ಮನೆಗಳಲ್ಲಿ. ಆದರೆ ಪರದೆಯ ಇನ್ನೊಂದು ಬದಿಯಲ್ಲಿದ್ದ ಉಪನ್ಯಾಸಕರ ಪಾಡನ್ನು ವಿಚಾರಿಸಿದವರು ವಿರಳ.

ತರಗತಿಯಲ್ಲಿ ಉಪನ್ಯಾಸಕರು ಪುಸ್ತಕಕ್ಕಿಂತ ಹೆಚ್ಚಾಗಿ ಮುಖಗಳನ್ನು ಓದುತ್ತಾರೆ. ಹಿಂದಿನ ಬೆಂಚಿನಲ್ಲಿ ಹುಬ್ಬು ಗಂಟಿಕ್ಕಿದರೆ ಪಾಠ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಆನ್‌ಲೈನ್‌ನಲ್ಲಿ ಕಾಣುವುದು ಕಪ್ಪು ಚೌಕಗಳು ಮತ್ತು ಹೆಸರುಗಳು ಮಾತ್ರ. 'ಅರ್ಥವಾಯಿತೇ?' ಎಂದು ಕೇಳಿದರೆ ಮೌನ. ಅದು ಒಪ್ಪಿಗೆಯೋ, ಸಂಕೋಚವೋ, ನೆಟ್‌ವರ್ಕ್ ಕಡಿತವೋ ತಿಳಿಯುವುದು ಹೇಗೆ? ಹಾಗೆಂದು ಕ್ಯಾಮೆರಾ ಆಫ್ ಮಾಡಿದ ವಿದ್ಯಾರ್ಥಿನಿಯನ್ನು ಅಶಿಸ್ತಿನವಳೆಂದು ಜರೆಯುವುದು ನ್ಯಾಯವಲ್ಲ. ಒಂದೇ ಕೋಣೆಯಲ್ಲಿ ಅಡುಗೆಯೂ ನಿದ್ರೆಯೂ ನಡೆಯುವ ಮನೆಯನ್ನು ಇಡೀ ತರಗತಿಗೆ ತೋರಿಸಲು ಯಾವ ಮಗಳು ತಾನೇ ಬಯಸಿಯಾಳು? ಅವಳ ಮುಖ ಕಾಣದೆಯೂ ಅವಳ ಕಲಿಕೆಯನ್ನು ಅಳೆಯುವ ವಿಧಾನವನ್ನು ಉಪನ್ಯಾಸಕರಿಗೆ ಕಲಿಸಬೇಕಾಗಿತ್ತು. ವ್ಯವಸ್ಥೆ ಹಾಜರಾತಿಯ ಲೆಕ್ಕ ಕೇಳಿ ಸುಮ್ಮನಾಯಿತು.

ಕನ್ನಡ ಮಾಧ್ಯಮದ ಕಷ್ಟ ಬೇರೆಯದೇ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ವರ್ಷಗಳಿಂದ ಸಿದ್ಧಪಡಿಸಿದ ಟಿಪ್ಪಣಿಗಳು ಯೂನಿಕೋಡ್ ಮಾತ್ರ ಬಲ್ಲ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ವೇದಿಕೆಯ ಬಹುತೇಕ ಪಾಠಗಳು ಇಂಗ್ಲಿಷ್‌ನಲ್ಲಿವೆ. ಮನೆಯಲ್ಲಿ ದಖನಿ ಉರ್ದು, ತರಗತಿಯಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷ್ ಎಂದಾದರೆ ನಡುವೆ ಸೇತುವೆ ಕಟ್ಟುವ ಹೊರೆಯೂ ಉಪನ್ಯಾಸಕರದ್ದೇ.

ಆ ಹೊರೆ ಹೊತ್ತವರು ಯಾರು? ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಕೊರೋನಾದ ದಿನಗಳಲ್ಲಿ ಅವರ ಮಾಸಿಕ ಗೌರವಧನ 11ರಿಂದ 13 ಸಾವಿರ ರೂಪಾಯಿ. ಹೋರಾಟದ ಬಳಿಕ, 2022ರ ಜನವರಿಯಲ್ಲಷ್ಟೇ ಅದು 26ರಿಂದ 32 ಸಾವಿರಕ್ಕೇರಿತು. ಅಲ್ಪ ಗೌರವಧನದವನಿಗೆ ಮೊಬೈಲ್, ಡಾಟಾ, ಕೊನೆಗೆ ಮನೆಯ ಗೋಡೆಯನ್ನೂ ಕರಿಹಲಗೆಯಾಗಿ ನೀನೇ ಒದಗಿಸಿಕೋ ಎನ್ನುವುದು ಸುಧಾರಣೆಯಲ್ಲ, ಶೋಷಣೆ.

ನಮ್ಮ ಮನೆಗಳೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ಮನೆಯಲ್ಲಿರುವ ಒಂದೇ ಮೊಬೈಲ್ ಹಗಲಿಡೀ ತಂದೆಯೊಂದಿಗೆ ಅಂಗಡಿಯಲ್ಲಿ, ಸಂಜೆ ಅಣ್ಣನ ಕೈಯಲ್ಲಿ, ಎಲ್ಲರೂ ಮಲಗಿದ ಮೇಲೆ ಮಗಳಿಗೆ ಎಂದಾದರೆ ಅತ್ಯುತ್ತಮ ಉಪನ್ಯಾಸಕರೂ ಅವಳನ್ನು ತಲುಪಲಾರರು. ತರಗತಿಗೆ ಬಾರದವಳ ಓದು ಕ್ರಮೇಣ ನಿಂತೇ ಹೋಗುತ್ತದೆ.

ಆನ್‌ಲೈನ್ ಶಿಕ್ಷಣವನ್ನು ನಾವು ವಿರೋಧಿಸುವುದಿಲ್ಲ. ಸಿದ್ಧತೆಯಿಲ್ಲದ ಹೇರಿಕೆಯನ್ನು ವಿರೋಧಿಸುತ್ತೇವೆ. ಶೇ. 40ರ ಮಾತಾಡುವ ಮುನ್ನ ಉಪನ್ಯಾಸಕರಿಗೆ ತರಬೇತಿ ಮತ್ತು ಡಾಟಾ ವೆಚ್ಚ, ಕಡಿಮೆ ನೆಟ್‌ವರ್ಕ್‌ನಲ್ಲೂ ಕೇಳಬಹುದಾದ ಕನ್ನಡ ಧ್ವನಿಪಾಠಗಳು, ಸಂದೇಹ ನಿವಾರಣೆಗೆ ವಾರಕ್ಕೊಮ್ಮೆ ಮುಖಾಮುಖಿ ತರಗತಿ ಸಿಗಲಿ. ಮದುವೆಗಳಿಲ್ಲದ ದಿನ ಬೀಗ ಹಾಕಿರುವ ನಮ್ಮ ಶಾದಿಮಹಲ್‌ಗಳಲ್ಲಿ ಒಂದು ಕೋಣೆಯನ್ನು ವೈಫೈ ಸಹಿತ ಓದುವ ಮಕ್ಕಳಿಗೆ ಬಿಟ್ಟುಕೊಡಲು ಜಮಾಅತ್‌ಗಳು ಸರಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಕಾಲೇಜು ಪರದೆಯ ಮೇಲೆ ಬರುವುದಾದರೆ, ಸಾಲಗುಂದದ ಮಗಳಿಗೆ ಅದರ ಮುಂದೆ ನೆಮ್ಮದಿಯಿಂದ ಕೂರುವ ಜಾಗವನ್ನಾದರೂ ನಾವು ಒದಗಿಸೋಣ.