ಕುಂಟುವ ಕೋಳಿಯ ಪಾದ ಒಮ್ಮೆ ತಿರುಗಿಸಿ ನೋಡಿ

“ಕುಂಟ್ತಾ ಇದೆಯಲ್ಲ, ಭಾನುವಾರ ಸಾರು ಮಾಡ್ಬಿಡು.” ನಮ್ಮ ಚುಕ್ಕಿಯನ್ನು ನೋಡಿ ಪಕ್ಕದ ತೋಟದ ಹಿರಿಯರು ಹೇಳಿದ್ದು ಇಷ್ಟೇ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದೆ. ಹತ್ತು ನಿಮಿಷದಲ್ಲಿ ಮೂರು ಜನ ಮೂರು ಮಾತ್ರೆಯ ಹೆಸರು ಬರೆದರು. ಅದರಲ್ಲಿ ಎರಡು ಆಂಟಿಬಯೋಟಿಕ್. ಕೋಳಿಯ ಪಾದ ತಿರುಗಿಸಿ ನೋಡಿದೆಯಾ ಅಂತ ಮಾತ್ರ ಯಾರೂ ಕೇಳಲಿಲ್ಲ.

ಚುಕ್ಕಿ ನಾಲ್ಕು ವರ್ಷದ ನಾಟಿ ಹೇಂಟೆ. ನಮ್ಮ ತೆಂಗಿನ ತೋಟದಲ್ಲಿ ಮೊದಲು ಕಾವಿಗೆ ಕೂತವಳೂ ಅವಳೇ. ಸಂಜೆ ಅವಳನ್ನು ಟವೆಲ್‌ನಲ್ಲಿ ಸುತ್ತಿ, ಮಡಿಲಲ್ಲಿ ಮಲಗಿಸಿ, ಮೊಬೈಲ್ ಟಾರ್ಚ್ ಹಾಕಿ ಪಾದದ ಅಡಿ ನೋಡಿದೆ. ನಡುವೆ ಕಪ್ಪಗಿನ ಗಟ್ಟಿ ಹಕ್ಕಳೆ, ಸುತ್ತ ಬಿಸಿ, ಊತ. ಇದಕ್ಕೆ ಬಂಬಲ್‌ಫೂಟ್ ಅಂತಾರೆ. ಪಾದದಲ್ಲಿ ಸಣ್ಣ ಗಾಯವಾಗಿ, ಅದರೊಳಗೆ ಹೆಚ್ಚಾಗಿ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಕೀವು ಕಟ್ಟೋ ತೊಂದರೆ.

ಅನುಮಾನ ಬಂದು ಉಳಿದ 22 ಕೋಳಿಗಳ ಪಾದವನ್ನೂ ನೋಡಿದೆ. ಇನ್ನೂ ಐದರಲ್ಲಿ ಅದೇ ಹಕ್ಕಳೆ ಶುರುವಾಗಿತ್ತು. ಅವು ಕುಂಟುತ್ತಿರಲಿಲ್ಲ, ಅಷ್ಟೇ.

ತಪ್ಪು ಯಾರದ್ದು? ನನ್ನದೇ. ರಾತ್ರಿ ಕೂರೋಕೆ ಸೀಳಿದ ಬಿದಿರಿನ ಗಳವನ್ನು ನಾಲ್ಕೂವರೆ ಅಡಿ ಎತ್ತರಕ್ಕೆ ಕಟ್ಟಿದ್ದೆ, ಕೆಳಗೆ ಕಲ್ಲು ಚಪ್ಪಡಿ. ದಿನಾ ಬೆಳಗ್ಗೆ ಅವು ಆ ಎತ್ತರದಿಂದ ಕಲ್ಲಿನ ಮೇಲೆ ಧುಮುಕ್ತಾ ಇದ್ದವು. ಚುಕ್ಕಿ ಭಾರದವಳು, ಮೊದಲು ಏಟು ಬಿದ್ದದ್ದು ಅವಳಿಗೆ. ಅವಳನ್ನು ಭಾನುವಾರ ಸಾರು ಮಾಡಿದ್ದರೆ ನನ್ನ ಗೂಡಿನ ತಪ್ಪು ನನಗೆ ಗೊತ್ತೇ ಆಗ್ತಿರಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕುಂಟ್ತಿತ್ತು, ಅದೂ ಸಾರಾಗ್ತಿತ್ತು.

ಅದಕ್ಕೇ ನಾನು ಹೇಳೋದು, ಕುಂಟುವ ಕೋಳಿ ಇಡೀ ಗೂಡಿನ ಸುದ್ದಿ ಹೇಳ್ತಾ ಇರುತ್ತೆ. ಕತ್ತಿಗೂ ಮಾತ್ರೆಗೂ ಮೊದಲು ಐದು ನಿಮಿಷ ಅದರ ಕಾಲು ನೋಡಿ.

ಬರೀ ಕನಿಕರ ಸಾಲದು

ನಾನೇನು ದೊಡ್ಡ ದಯಾಮಯಿ ಅಂತ ಇದನ್ನು ಬರೀತಿಲ್ಲ. ಚುಕ್ಕಿಗಿಂತ ಎರಡು ವರ್ಷ ಮುಂಚೆ, ಸಂತೆಯಿಂದ ತಂದಿದ್ದ ಮೂರು ತಿಂಗಳ ಪ್ರಾಯದ ಹೇಂಟೆಯೊಂದು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗಿತು. ಪಾಪ ಅಂತ ಮೂರು ವಾರ ಎಣ್ಣೆ ಹಚ್ಚಿ ನೀವಿದೆ, ಕೈಯಲ್ಲೇ ತಿನ್ನಿಸಿದೆ. ಅದೇ ವಾರಗಳಲ್ಲಿ ಹೊಸದಾಗಿ ತಂದ 15 ಪಿಳ್ಳೆಗಳನ್ನೂ ಅದೇ ಗೂಡಿಗೆ ಬಿಟ್ಟೆ. ಮೂರು ತಿಂಗಳಲ್ಲಿ ಅದರಲ್ಲಿ ಆರು ಹೋದವು. ಪಶುವೈದ್ಯರು ಸತ್ತ ಕೋಳಿಯನ್ನು ಕೊಯ್ದು ನೋಡಿ ಮಾರೆಕ್ಸ್ ರೋಗ ಅಂದರು.

ಇದು ವೈರಸ್ ರೋಗ, ನರಗಳಿಗೆ ತಗಲುತ್ತೆ. ರೆಕ್ಕೆಪುಕ್ಕದ ಹೊಟ್ಟಿನ ಧೂಳಿನಲ್ಲಿ ಹರಡುತ್ತೆ. ಔಷಧಿ ಇಲ್ಲ. ಲಸಿಕೆ ಇದೆ, ಆದರೆ ಮರಿ ಮೊಟ್ಟೆಯೊಡೆದು ಬಂದ ಮೊದಲ ದಿನವೇ ಹಾಕಬೇಕು. ತೋಟಗಾರಿಕೆ ಪದವಿ ಓದಿದವನು ನಾನು. ಗಿಡದಲ್ಲಿ ರೋಗ ಕಂಡರೆ ಮೊದಲು ಅದು ಶಿಲೀಂಧ್ರವೋ, ಪೋಷಕಾಂಶದ ಕೊರತೆಯೋ ಅಂತ ನೋಡ್ತೀನಿ. ಕೋಳಿಯ ವಿಷಯದಲ್ಲಿ ಮಾತ್ರ ಆ ಬುದ್ಧಿಯನ್ನೇ ಓಡಿಸಲಿಲ್ಲ. ನನ್ನ ಕನಿಕರಕ್ಕೆ ಆರು ಪಿಳ್ಳೆ ಬೆಲೆ ತೆತ್ತವು.

ಕಾಲು ಏನು ಹೇಳುತ್ತೆ?

ಒಂದೇ ಕಾಲು ಕುಂಟು, ಪಾದದಲ್ಲಿ ಕಪ್ಪು ಹಕ್ಕಳೆ: ಬಂಬಲ್‌ಫೂಟ್. ಗಳ, ನೆಲ, ತೂಕ ಮೂರನ್ನೂ ಪರೀಕ್ಷಿಸಿ.

ಕಾಲಿನ ಹುರುಪೆ ಎದ್ದು, ಸುಣ್ಣ ಮೆತ್ತಿದ ಹಾಗಿದ್ದರೆ: ಹುರುಪೆಯ ಕೆಳಗೆ ಕೊರೆಯೋ ನುಸಿ. ಕಾಲು ತೊಳೆದು ಒರೆಸಿ, ದಪ್ಪಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಉಸಿರುಗಟ್ಟಿ ಸಾಯುತ್ತವೆ. ಕೆಲವು ವಾರ ಬಿಡದೆ ಹಚ್ಚಬೇಕು.

ಎಳೆ ಮರಿಯ ಬೆರಳು ಒಳಕ್ಕೆ ಮಡಚಿ, ಹಿಮ್ಮಡಿಯ ಮೇಲೆ ತೆವಳುತ್ತಿದ್ದರೆ: ಬಿ2 ಜೀವಸತ್ವದ ಕೊರತೆ ಇರಬಹುದು. ಬೇಗ ಕೊಟ್ಟರೆ ಚೇತರಿಸಿಕೊಳ್ಳುತ್ತೆ, ತಡವಾದರೆ ನರಕ್ಕೆ ಆದ ಹಾನಿ ಹಾಗೇ ಉಳಿಯುತ್ತೆ.

ಮರಿಯ ಎರಡೂ ಕಾಲು ಅಕ್ಕಪಕ್ಕ ಜಾರಿ ಹೋಗಿದ್ದರೆ: ನ್ಯೂಸ್‌ಪೇಪರ್ ಹಾಸಿದ ಜಾರುವ ನೆಲ ಒಂದು ಕಾರಣ. ಪೇಪರ್ ತೆಗೆದು ಒರಟು ಗೋಣಿ ಹಾಸಿ.

ಮೊಟ್ಟೆ ಇಡೋ ಕೋಳಿ ಕಾಲಲ್ಲಿ ಬಲವಿಲ್ಲದೆ ಕೂತಿದ್ದರೆ: ಸುಣ್ಣದ ಅಂಶ ನೋಡಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಸಿಗದಿದ್ದರೆ ಅದು ತನ್ನ ಮೂಳೆಯಿಂದಲೇ ತೆಗೆಯುತ್ತೆ. ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡಿ. ಹಾಗಂತ ಎಳೆ ಮರಿಗಳಿಗೆ ಲೇಯರ್ ಫೀಡ್ ಹಾಕ್ಬೇಡಿ, ಅಷ್ಟು ಸುಣ್ಣ ಅವುಗಳ ಮೂತ್ರಪಿಂಡ ಹಾಳು ಮಾಡುತ್ತೆ.

ಕುಂಟಿನ ಜೊತೆ ಕತ್ತು ತಿರುಚುವುದು, ಹಸಿರು ಭೇದಿ, ಉಸಿರಾಟಕ್ಕೆ ಕಷ್ಟ: ಇದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಆಗಿರಬಹುದು. ಇಲ್ಲಿ ಮನೆಮದ್ದು ಬೇಡವೇ ಬೇಡ. ಕೂಡಲೇ ಬೇರೆ ಮಾಡಿ, ಪಶು ಆಸ್ಪತ್ರೆಗೆ ಫೋನ್ ಮಾಡಿ. 1962 ಸಹಾಯವಾಣಿಯೂ ಇದೆ.

ಚುಕ್ಕಿಗೆ ಮಾಡಿದ್ದು

ದಿನಾ ಸಂಜೆ 10-15 ನಿಮಿಷ ಉಗುರುಬೆಚ್ಚಗಿನ ಉಪ್ಪು ನೀರಲ್ಲಿ ಪಾದ ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ಬಟ್ಟೆ ಕಟ್ಟಿದೆ. ಕೀವು ಆಳಕ್ಕಿದ್ದದ್ದರಿಂದ ಕೊಯ್ಯೋ ಕೆಲಸ ಪಶುವೈದ್ಯರಿಗೇ ಬಿಟ್ಟೆ. ಯೂಟ್ಯೂಬ್ ನೋಡಿ ನೀವೇ ಬ್ಲೇಡ್ ಹಿಡೀಬೇಡಿ. ಗಾಯ ಮುಟ್ಟುವಾಗ ಕೈಗೆ ಗ್ಲೌಸ್ ಇರಲಿ, ಆ ಬ್ಯಾಕ್ಟೀರಿಯಾ ನಮಗೂ ತಗಲಬಹುದು. ಎಲ್ಲಾ ಸೇರಿ ನನಗೆ ಖರ್ಚಾದದ್ದು 200 ರೂಪಾಯಿ.

ಅವಳನ್ನು ಇಟ್ಟಿದ್ದು ಬುಟ್ಟಿಯಡಿ ಕತ್ತಲಲ್ಲಿ ಅಲ್ಲ, ಗುಂಪಿಗೆ ಕಾಣುವ ಹಾಗೆ ಜಾಲರಿ ಹಾಕಿದ ಜಾಗದಲ್ಲಿ. ಕಣ್ಮರೆಯಾದ ಕೋಳಿ ವಾಪಸ್ ಬಂದರೆ ಉಳಿದವು ಹೊಸಬಳೆಂದು ಕುಕ್ಕುತ್ತವೆ. ಕೆಳಗೆ ನಾಲ್ಕು ಇಂಚು ಒಣ ಭತ್ತದ ಹೊಟ್ಟು, ದಿನಾ ಒದ್ದೆಯಾದದ್ದು ಹೊರಕ್ಕೆ. ನೀರು, ಆಹಾರ ಕೂತಲ್ಲಿಂದಲೇ ಕೊಕ್ಕಿಗೆ ಎಟುಕಬೇಕು. ಕುಂಟು ಕೋಳಿ ಎಷ್ಟೋ ಸಲ ಸಾಯೋದು ಕಾಲಿನ ನೋವಿಂದಲ್ಲ, ನೀರಿನ ತನಕ ಹೋಗಲಾರದೆ.

ದಿನಾ ಇನ್ನೆರಡು ಕಡೆ ನೋಡಬೇಕು. ಕೂತೇ ಇರೋದರಿಂದ ಎದೆಯ ಮೂಳೆ ಮೇಲೆ ಹುಣ್ಣಾಗುತ್ತೆ. ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡರೆ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತೆ. ಬೆಳಗಿನ ಎಳೆ ಬಿಸಿಲಿಗೆ ಒಂದಿಷ್ಟು ಹೊತ್ತು ಬಿಡಿ.

ಗೂಡನ್ನೂ ಸರಿಮಾಡಿದೆ. ಗಳ ಈಗ ಎರಡು ಅಡಿ ಎತ್ತರದಲ್ಲಿದೆ, ಎರಡು ಇಂಚು ದಪ್ಪ, ಉಜ್ಜಿ ನುಣುಪು ಮಾಡಿದ್ದು. ಕಲ್ಲಿನ ಮೇಲೆ ತೆಂಗಿನ ನಾರಿನ ಪುಡಿ. ಉಳಿದ ಐದು ಕೋಳಿಗಳ ಪಾದ ಒಂದು ಹನಿ ಆಂಟಿಬಯೋಟಿಕ್ ಇಲ್ಲದೆ ವಾಸಿಯಾಯ್ತು.

ಸಾವಯವ ಅಂತ ಬೋರ್ಡ್ ಹಾಕಿಕೊಂಡು, ಗ್ರೂಪಿನಲ್ಲಿ ಯಾರೋ ಹೇಳಿದ ಆಂಟಿಬಯೋಟಿಕ್ ಕೊಟ್ಟು, ಮಾರನೇ ದಿನ ಅದರ ಮೊಟ್ಟೆ ಮಾರಿದರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಔಷಧಿಯ ಅಂಶ ಮೊಟ್ಟೆಯಲ್ಲೂ ಮಾಂಸದಲ್ಲೂ ಉಳಿಯುತ್ತೆ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಅನ್ನು ಸಾಕುಪ್ರಾಣಿಗಳಿಗೆ ಕೊಡೋದನ್ನು 2019ರಲ್ಲಿ ಸರ್ಕಾರ ನಿಷೇಧಿಸಿದ್ದು ಮನುಷ್ಯರಿಗೆ ಅದು ಕೆಲಸಕ್ಕೆ ಬಾರದಂತಾಗಬಾರದು ಅಂತಲೇ. ವೈದ್ಯರು ಬರೆದರೆ ಕೊಡಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿ.

ಬಿಟ್ಟುಕೊಡೋದನ್ನೂ ಕಲೀಬೇಕು

ನೀರು ಕುಡಿಯದೆ, ಮೈಯೆಲ್ಲ ಹುಣ್ಣಾಗಿ, ವೈದ್ಯರೂ ಆಗಲ್ಲ ಅಂದ ಮೇಲೆ ಎಳೆದಾಡಬಾರದು. ನೋವಿಲ್ಲದೆ ಕಳಿಸಿಕೊಡೋದೂ ಆರೈಕೆಯೇ. ಮಾರೆಕ್ಸ್ ಬಂದಿದ್ದ ಆ ಹೇಂಟೆಗೆ ನಾನು ಅದನ್ನು ಮೊದಲ ವಾರವೇ ಮಾಡಬೇಕಿತ್ತು.

ಚುಕ್ಕಿ ಈಗಲೂ ಸ್ವಲ್ಪ ಕುಂಟುತ್ತಾಳೆ. ವಾರಕ್ಕೆ ಒಂದು ಮೊಟ್ಟೆ, ಕೆಲವು ವಾರ ಅದೂ ಇಲ್ಲ. ಪಕ್ಕದ ತೋಟದ ಹಿರಿಯರು ಈಗಲೂ ನಗ್ತಾರೆ, “ಏನಪ್ಪಾ, ನಿನ್ನ ಪೆನ್ಷನ್ ಕೋಳಿ ಹೇಗಿದೆ?” ಅಂತ. ಆದರೆ ಹೋದ ತಿಂಗಳು ಅವರ ಹುಂಜ ಕುಂಟಿದಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ತೋಟಕ್ಕೇ ಬಂದರು. “ಪಾದ ನೋಡಿದ್ರಾ?” ಅಂದೆ. “ಅದಕ್ಕೇ ತಂದಿದ್ದು, ಟಾರ್ಚ್ ಹಾಕು” ಅಂದರು.

ಇವತ್ತು ಸಂಜೆ ಕೋಳಿ ಗೂಡು ಸೇರಿದ ಮೇಲೆ ನಿಮ್ಮ ಮೊಬೈಲ್ ಟಾರ್ಚ್ ಅನ್ನೂ ಒಮ್ಮೆ ಈ ಕೆಲಸಕ್ಕೆ ಬಳಸಿ. ಕುಂಟುವ ಕೋಳಿಯದು ಮಾತ್ರ ಅಲ್ಲ, ಎಲ್ಲದರ ಪಾದವನ್ನೂ ನೋಡಿ.